ಕಡಲತಳದ ತಕ್ಕಡಿ: ಸುನಾಮಿ ಸುದ್ದಿ ನಿಜವೋ ಸುಳ್ಳೋ ಎಂದು ವಿಜ್ಞಾನಿಗಳಿಗೆ ಗೊತ್ತಾಗುವುದು ಹೇಗೆ?

“ತುರ್ತು ಎಚ್ಚರಿಕೆ! ಇನ್ನು 48 ಗಂಟೆಗಳಲ್ಲಿ ಭಾರಿ ಸುನಾಮಿ. ನಾಸಾ ದೃಢಪಡಿಸಿದೆ. ಸಮುದ್ರತೀರದಲ್ಲಿರುವ ಬಂಧುಗಳಿಗೆ ಕೂಡಲೇ ಕಳುಹಿಸಿ.”

ಈ ಧಾಟಿಯ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಕಳುಹಿಸಿದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. “ಸುಳ್ಳಾದರೆ ಆಗಲಿ, ನಿಜವಾಗಿಬಿಟ್ಟರೆ ನಾಲ್ಕು ಜನ ಬದುಕುತ್ತಾರಲ್ಲ” ಎಂಬ ಯೋಚನೆ ಅವರದು. ಆದರೆ ಸುನಾಮಿಯ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಮೂರು ಸಲ ಸುಮ್ಮನೆ ಹೆದರಿ ಮನೆ ಬಿಟ್ಟು ಓಡಿದವರು ನಾಲ್ಕನೇ ಸಲ, ನಿಜವಾದ ಎಚ್ಚರಿಕೆ ಬಂದಾಗ, ಜಾಗ ಬಿಟ್ಟು ಕದಲದೇ ಇರಬಹುದು. ಹಾಗಾಗಿ ನಿಜವಾದ ಎಚ್ಚರಿಕೆ ಎಲ್ಲಿ ಹುಟ್ಟುತ್ತದೆ, ಹೇಗೆ ಹುಟ್ಟುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಸುಳ್ಳನ್ನು ಗುರುತಿಸುವುದು ಸುಲಭ.

ಜುಲೈ 2025ರಲ್ಲಿ ಏನಾಯಿತು?

ಜಪಾನಿನ ಮಾಂಗಾ ಕಲಾವಿದೆ ರಿಯೊ ತಾತ್ಸುಕಿ ಅವರ ಹಳೆಯ ಚಿತ್ರಕಥೆಯೊಂದು 2021ರಲ್ಲಿ ಮರುಮುದ್ರಣವಾಯಿತು. 2025ರ ಜುಲೈನಲ್ಲಿ ಮಹಾ ದುರಂತ ನಡೆಯುತ್ತದೆ ಎಂಬ ಕನಸಿನ ಮಾತು ಅದರಲ್ಲಿತ್ತು. ಜಾಲತಾಣಗಳಲ್ಲಿ ಅದು “ಜುಲೈ 5ರ ಸುನಾಮಿ” ಎಂದು ಹರಡಿತು. ಜಪಾನಿಗೆ ಹೋಗಬೇಕಿದ್ದ ಎಷ್ಟೋ ಪ್ರವಾಸಿಗರು ಟಿಕೆಟ್ ರದ್ದು ಮಾಡಿದರು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ, ನಂಬಬೇಡಿ ಎಂದು ಜಪಾನಿನ ಹವಾಮಾನ ಸಂಸ್ಥೆಯೇ ಹೇಳಬೇಕಾಯಿತು. ಜುಲೈ 5 ಬಂತು, ಹೋಯಿತು. ಸುನಾಮಿ ಬರಲಿಲ್ಲ.

ಅದೇ ತಿಂಗಳ 30ರಂದು ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾ ಬಳಿ 8.8 ತೀವ್ರತೆಯ ಭೂಕಂಪವಾಗಿ ಸುನಾಮಿಯೂ ಎದ್ದಿತು. “ನೋಡಿದಿರಾ, ಹೇಳಿದ್ದು ನಿಜವಾಯಿತು” ಎಂಬ ಪೋಸ್ಟುಗಳು ಶುರುವಾದವು. ಆದರೆ ದಿನ ಬೇರೆ, ಜಾಗ ಬೇರೆ. ಜಗತ್ತಿನಲ್ಲಿ 7ಕ್ಕಿಂತ ಹೆಚ್ಚಿನ ತೀವ್ರತೆಯ ಭೂಕಂಪಗಳು ವರ್ಷಕ್ಕೆ ಸರಾಸರಿ 15ರಷ್ಟು ಆಗುತ್ತವೆ, ಅಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು. “ಈ ತಿಂಗಳು ಎಲ್ಲೋ ಒಂದು ಕಡೆ ದೊಡ್ಡ ಭೂಕಂಪ ಆಗುತ್ತದೆ” ಎಂದು ಯಾರು ಹೇಳಿದರೂ ಬಹುತೇಕ ತಿಂಗಳು ಅದು ಸರಿಯಾಗುತ್ತದೆ!

ಕಮ್ಚಾಟ್ಕಾ ಭೂಕಂಪವಾದ ದಿನ ಇನ್ನೊಂದು ಸಂಗತಿಯೂ ನಡೆಯಿತು. ಹೈದರಾಬಾದಿನಲ್ಲಿರುವ ನಮ್ಮ ಸುನಾಮಿ ಎಚ್ಚರಿಕೆ ಕೇಂದ್ರ, ಭಾರತಕ್ಕೆ ಅಪಾಯವಿಲ್ಲ ಎಂದು ತಿಳಿಸಿತು. ಹವಾಯಿಯಲ್ಲಿ ಹೊರಡಿಸಿದ್ದ ದೊಡ್ಡ ಎಚ್ಚರಿಕೆಯನ್ನು ಕೆಲವೇ ಗಂಟೆಗಳಲ್ಲಿ ಕೆಳಗಿನ ಹಂತಕ್ಕೆ ಇಳಿಸಲಾಯಿತು. ಇಷ್ಟು ಧೈರ್ಯವಾಗಿ ಹೇಳಲು ಅವರಿಗೆ ಹೇಗೆ ಸಾಧ್ಯವಾಯಿತು?

ಸುನಾಮಿಯ ದಿನಾಂಕ ಮೊದಲೇ ಹೇಳಬಹುದೇ?

ಇಲ್ಲ. ಚಂಡಮಾರುತದ ಮುನ್ಸೂಚನೆಯನ್ನು ಮೂರ್ನಾಲ್ಕು ದಿನ ಮೊದಲೇ ಕೊಡುತ್ತಾರಲ್ಲ, ಇದಕ್ಕೆ ಯಾಕಾಗದು ಎಂದು ಕೇಳುವವರಿದ್ದಾರೆ. ಚಂಡಮಾರುತ ನಮ್ಮ ಕಣ್ಣೆದುರೇ ಹುಟ್ಟಿ, ಬೆಳೆದು, ನಡೆದುಬರುತ್ತದೆ. ಅದರ ಮೋಡಗಳನ್ನು ಉಪಗ್ರಹ ಪ್ರತಿ ಗಂಟೆಯೂ ನೋಡುತ್ತಿರುತ್ತದೆ. ಸುನಾಮಿ ಹುಟ್ಟುವುದು ಹೆಚ್ಚಾಗಿ ಕಡಲತಳದ ಭೂಕಂಪದಿಂದ. ಭೂಕಂಪ ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ದೊಡ್ಡದಾಗಿ ಆಗುತ್ತದೆ ಎಂದು ಮೊದಲೇ ಹೇಳುವ ವಿಧಾನ ಇಂದಿಗೂ ಯಾವ ದೇಶದ ಬಳಿಯೂ ಇಲ್ಲ.

ಆದ್ದರಿಂದ ಭೂಕಂಪ ಆಗುವ ಮೊದಲೇ ದಿನಾಂಕ ಹೇಳುವ ಸುನಾಮಿ ಮೆಸೇಜು ಯಾರ ಹೆಸರಿನಲ್ಲಿ ಬಂದರೂ ಅದಕ್ಕೆ ಆಧಾರವಿಲ್ಲ. ನಿಜವಾದ ಎಚ್ಚರಿಕೆ ಭೂಕಂಪದ ನಂತರವೇ ಶುರುವಾಗುವುದು.

ಭೂಕಂಪ ದೊಡ್ಡದಾದರೆ ಸುನಾಮಿ ಬಂದೇ ಬರುತ್ತದೆಯೇ?

ಅದೂ ಇಲ್ಲ. ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

2004ರ ಡಿಸೆಂಬರ್ 26ರ ಭಾನುವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಸುಮಾರು 6:29ಕ್ಕೆ ಇಂಡೊನೇಷ್ಯಾದ ಸುಮಾತ್ರಾ ಬಳಿ 9.1 ತೀವ್ರತೆಯ ಭೂಕಂಪವಾಯಿತು. ಎರಡು ಗಂಟೆಗೂ ಹೆಚ್ಚು ಸಮಯದ ನಂತರ ಅಲೆಗಳು ಚೆನ್ನೈ, ನಾಗಪಟ್ಟಿಣಂ ತೀರಕ್ಕೆ ಬಂದವು. ಅಷ್ಟು ಹೊತ್ತಿನಲ್ಲಿ ಇಡೀ ತೀರವನ್ನು ಖಾಲಿ ಮಾಡಿಸಬಹುದಿತ್ತು. ಆದರೆ ಹಿಂದೂ ಮಹಾಸಾಗರದಲ್ಲಿ ಆಗ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಹವಾಯಿಯಲ್ಲಿರುವ ಪೆಸಿಫಿಕ್ ಸುನಾಮಿ ಕೇಂದ್ರ ಮೊದಲ ಕಾಲು ಗಂಟೆಯಲ್ಲಿ ಆ ಭೂಕಂಪದ ತೀವ್ರತೆಯನ್ನು 8.0 ಎಂದು ಅಂದಾಜು ಮಾಡಿತ್ತು. ಹಿಂದೂ ಮಹಾಸಾಗರದ ನೀರಿನಲ್ಲಿ ಏನಾಗುತ್ತಿದೆ ಎಂದು ಹೇಳುವ ಉಪಕರಣಗಳು ಅವರಿಗೆ ಬಹುತೇಕ ಇರಲಿಲ್ಲ. 14 ದೇಶಗಳಲ್ಲಿ 2.2 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಭಾರತದಲ್ಲಿ ಸತ್ತವರೇ 10,000ಕ್ಕೂ ಹೆಚ್ಚು.

2012ರ ಏಪ್ರಿಲ್ 11, ಮಧ್ಯಾಹ್ನ 2:08. ಮತ್ತೆ ಸುಮಾತ್ರಾದ ಸಮುದ್ರ. ಈ ಬಾರಿ 8.6 ತೀವ್ರತೆ. ಬೆಂಗಳೂರಿನಲ್ಲೂ ಕಟ್ಟಡಗಳು ಅಲುಗಿ, ಜನ ಕಚೇರಿಗಳಿಂದ ಬೀದಿಗೆ ಓಡಿಬಂದರು. ಎರಡು ಗಂಟೆಯ ನಂತರ 8.2ರ ಇನ್ನೊಂದು ಭೂಕಂಪ. 2004 ಮತ್ತೆ ಬಂತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಎದ್ದದ್ದು ಸಣ್ಣ ಸುನಾಮಿ. ಭಾರತದಲ್ಲಿ ಹಾನಿಯಾಗಲಿಲ್ಲ.

ವ್ಯತ್ಯಾಸ ಇದ್ದದ್ದು ನೆಲ ಸರಿದ ರೀತಿಯಲ್ಲಿ. ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿನ ತಳವನ್ನು ಕೆಳಗಿನಿಂದ ಗುದ್ದಿದರೆ ಮೇಲಿನ ನೀರು ಉಬ್ಬುತ್ತದೆ. ಅದೇ ಟಬ್ಬಿನ ತಳದಲ್ಲಿ ಎರಡು ಹಲಗೆಗಳು ಒಂದರ ಪಕ್ಕ ಒಂದು ಅಡ್ಡಡ್ಡ ಜಾರಿದರೆ ನೀರು ಹೆಚ್ಚೇನೂ ಕದಲುವುದಿಲ್ಲ. 2004ರಲ್ಲಿ ಕಡಲತಳ ಮೇಲಕ್ಕೆದ್ದಿತು. 2012ರಲ್ಲಿ ಅಡ್ಡಡ್ಡ ಜಾರಿತು.

ನೆಲ ಎಷ್ಟು ನಡುಗಿತು ಎಂದು ಭೂಕಂಪಮಾಪಕ ಹೇಳುತ್ತದೆ. ನೀರು ಎಷ್ಟು ಎದ್ದಿತು ಎಂದು ಅದು ನೇರವಾಗಿ ಹೇಳಲಾರದು. ಅದನ್ನು ತಿಳಿಯಲು ಸಮುದ್ರವನ್ನೇ ಕೇಳಬೇಕು.

ಉಪಗ್ರಹಕ್ಕೆ ಎಲ್ಲವೂ ಕಾಣುವುದಿಲ್ಲವೇ?

“ಆಕಾಶದಿಂದ ನಮ್ಮ ಮನೆಯ ಟೆರೇಸ್ ಕಾಣುತ್ತದೆ, ಸುನಾಮಿ ಕಾಣುವುದಿಲ್ಲವೇ?” ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಎರಡು ಭಾಗಗಳಿವೆ.

ಮೊದಲನೆಯದು, ಉಪಗ್ರಹಕ್ಕೆ ಕಾಣುವುದು ಸಮುದ್ರದ ಮೇಲ್ಮೈ ಮಾತ್ರ. ಮೊಬೈಲು, ಜಿಪಿಎಸ್, ಟಿವಿಗೆ ಬಳಸುವ ರೇಡಿಯೊ ಅಲೆಗಳನ್ನು ಉಪ್ಪುನೀರು ನುಂಗಿಬಿಡುತ್ತದೆ. ಬೆಳಕೂ ಹೆಚ್ಚು ಆಳಕ್ಕೆ ಹೋಗುವುದಿಲ್ಲ. 200 ಮೀಟರ್ ಆಳದಲ್ಲಿ ಮುಸ್ಸಂಜೆ, 1,000 ಮೀಟರ್ ಕೆಳಗೆ ಗಾಢ ಕತ್ತಲೆ. ನೀರಿನಲ್ಲಿ ದೂರ ಸಾಗಬಲ್ಲದ್ದು ಶಬ್ದ. ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಬೇಗ ಹೋಗುತ್ತದೆ.

ಎರಡನೆಯದು, ಆಳಸಮುದ್ರದಲ್ಲಿ ಸುನಾಮಿ ಗೋಡೆಯಂತೆ ಇರುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಡಗು ಮುಳುಗಿಸುವ ಅಲೆ ಬೇರೆ. 4 ಕಿ.ಮೀ. ಆಳದ ನೀರಿನಲ್ಲಿ ಸುನಾಮಿ ಗಂಟೆಗೆ 700 ಕಿ.ಮೀ. ವೇಗದಲ್ಲಿ, ವಿಮಾನದಂತೆ ಸಾಗುತ್ತದೆ. ಆದರೆ ಅದರ ಎತ್ತರ ಕೆಲವು ಸೆಂಟಿಮೀಟರಿನಿಂದ ಒಂದು ಮೀಟರಿನ ಆಸುಪಾಸು. ಉದ್ದ ಮಾತ್ರ ನೂರಾರು ಕಿ.ಮೀ. ಅದರ ಮೇಲೆ ಹಾಯುವ ದೋಣಿಯವರಿಗೆ ಗೊತ್ತೇ ಆಗುವುದಿಲ್ಲ. ತೀರದ ಬಳಿ 10 ಮೀಟರ್ ಆಳಕ್ಕೆ ಬಂದಾಗ ವೇಗ ಗಂಟೆಗೆ 36 ಕಿ.ಮೀ.ಗೆ ಇಳಿಯುತ್ತದೆ. ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ಬಂದು ಒತ್ತರಿಸುತ್ತದೆ, ಅಲೆ ಎತ್ತರವಾಗುತ್ತದೆ.

2004ರಲ್ಲಿ ಜೇಸನ್-1 ಎಂಬ ಉಪಗ್ರಹ ಭೂಕಂಪವಾಗಿ ಎರಡು ಗಂಟೆಯ ಹೊತ್ತಿಗೆ ಆಕಸ್ಮಿಕವಾಗಿ ಬಂಗಾಳ ಕೊಲ್ಲಿಯ ಮೇಲೆ ಹಾದುಹೋಗಿತ್ತು. ಸುಮಾರು 60 ಸೆಂ.ಮೀ. ಎತ್ತರದ ಅಲೆಯನ್ನು ಅದು ಅಳೆದಿತ್ತು. ಆದರೆ ಆ ಮಾಹಿತಿಯನ್ನು ಬಿಡಿಸಿ ನೋಡುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. 2025ರ ಕಮ್ಚಾಟ್ಕಾ ಸುನಾಮಿಯನ್ನು ನಾಸಾ ಮತ್ತು ಫ್ರಾನ್ಸ್ ಜೊತೆಯಾಗಿ ಹಾರಿಸಿದ ಸ್ವಾಟ್ ಉಪಗ್ರಹ ಸುಮಾರು 70 ನಿಮಿಷಗಳ ನಂತರ ದಾಖಲಿಸಿತು. ಇಂಥ ಮಾಹಿತಿಯಿಂದ ಲೆಕ್ಕಾಚಾರಗಳನ್ನು ತಿದ್ದಿಕೊಳ್ಳಬಹುದು. ಆದರೆ ಒಂದೇ ಜಾಗದ ಮೇಲೆ ಸದಾ ಕಾವಲು ಕೂರಲು ಈ ಉಪಗ್ರಹಗಳಿಗೆ ಸಾಧ್ಯವಿಲ್ಲ. ಅವು ಭೂಮಿ ಸುತ್ತುತ್ತಲೇ ಇರಬೇಕು.

ಹಾಗಾದರೆ ಕಾವಲು ಕೂತಿರುವುದು ಯಾರು?

ಒಂದು ತಕ್ಕಡಿ. ಕಡಲತಳದಲ್ಲಿ, ಕತ್ತಲೆಯಲ್ಲಿ, ತನ್ನ ಮೇಲಿರುವ ನೀರನ್ನು ಹಗಲೂ ರಾತ್ರಿ ತೂಗುತ್ತಿರುವ ತಕ್ಕಡಿ.

ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಸಿಯಾಟಲ್ ಪ್ರಯೋಗಾಲಯದಲ್ಲಿ ಹ್ಯೂ ಮಿಲ್ಬರ್ನ್ ಎಂಬ ಎಂಜಿನಿಯರ್ ಮತ್ತು ಅವರ ತಂಡ 1990ರ ದಶಕದಲ್ಲಿ ಇದನ್ನು ರೂಪಿಸಿತು. ಈ ವ್ಯವಸ್ಥೆಯ ಹೆಸರು ‘ಡಾರ್ಟ್’. ಇದಕ್ಕೆ ಎರಡು ಭಾಗ. ಕೆಳಗೆ, 6,000 ಮೀಟರ್ ಆಳದವರೆಗೂ ಇಡಬಹುದಾದ ಒತ್ತಡ ಮಾಪಕ. ಮೇಲೆ, ಲಂಗರು ಹಾಕಿ ನಿಲ್ಲಿಸಿದ, ಕಂಬ ಮತ್ತು ಆಂಟೆನಾ ಹೊತ್ತು ತೇಲುವ ದೊಡ್ಡ ಪೀಪಾಯಿಯಂಥ ಉಪಕರಣ. ಇದನ್ನು ಬೋಯ್ ಎನ್ನುತ್ತಾರೆ.

ಒತ್ತಡ ಎಂದರೆ ಮೇಲಿರುವ ನೀರಿನ ಭಾರ. ಅಲೆ ಹಾದುಹೋಗುವಾಗ ನೀರು ಸ್ವಲ್ಪ ಎತ್ತರವಾದರೆ ಭಾರವೂ ಅಷ್ಟು ಹೆಚ್ಚುತ್ತದೆ. ಮಾಪಕದ ಒಳಗಿನ ಸ್ಫಟಿಕದ ತುಣುಕು ಒಂದೇ ಲಯದಲ್ಲಿ ಕಂಪಿಸುತ್ತಿರುತ್ತದೆ. ಒತ್ತಡ ಬದಲಾದರೆ ಲಯ ಬದಲಾಗುತ್ತದೆ. ಕ್ವಾರ್ಟ್ಜ್ ಕೈಗಡಿಯಾರದಲ್ಲಿ ಇರುವುದೂ ಇಂಥದೇ ಸ್ಫಟಿಕ. 6 ಕಿ.ಮೀ. ನೀರಿನ ಕೆಳಗೆ ಕೂತು ಒಂದು ಮಿಲಿಮೀಟರಿನಷ್ಟು ಏರಿಳಿತವನ್ನೂ ಇದು ಗುರುತಿಸಬಲ್ಲದು. ಒಂದು ಕ್ವಿಂಟಾಲ್ ಅಕ್ಕಿ ತೂಗುತ್ತಿರುವ ತಕ್ಕಡಿಯ ಮೇಲೆ ಒಂದೇ ಒಂದು ಅಕ್ಕಿಕಾಳು ಹಾಕಿದರೂ ಮುಳ್ಳು ಅಲುಗಿದಂತೆ!

ಇಲ್ಲಿ ಒಂದು ಸಂಶಯ ಬರಬಹುದು. ಸಮುದ್ರದಲ್ಲಿ ಅಲೆಗಳು ಏಳುತ್ತಲೇ ಇರುತ್ತವೆ, ಪ್ರತಿ ಅಲೆಗೂ ತಕ್ಕಡಿ ಕೂಗಿಕೊಳ್ಳುವುದಿಲ್ಲವೇ? ಇಲ್ಲ. ಗಾಳಿಯಿಂದ ಏಳುವ ಅಲೆಗಳ ಪರಿಣಾಮ ಮೇಲಿನ ಪದರಕ್ಕೆ ಸೀಮಿತ. ಬಿರುಗಾಳಿಯ ಅಲೆಯೂ ಕಿ.ಮೀ.ಗಟ್ಟಲೆ ಆಳಕ್ಕೆ ಮುಟ್ಟುವುದಿಲ್ಲ. ಸುನಾಮಿಯಲ್ಲಿ ಮೇಲಿನಿಂದ ತಳದವರೆಗೆ ಇಡೀ ನೀರು ಒಟ್ಟಿಗೆ ಕದಲುತ್ತದೆ. ಇನ್ನು ಭರತ, ಇಳಿತ. ಅವು ನಿಧಾನವಾಗಿ, ಮೊದಲೇ ಲೆಕ್ಕ ಹಾಕಬಹುದಾದಂತೆ ಬರುತ್ತವೆ. ಈ ಕ್ಷಣ ಎಷ್ಟು ನೀರು ಇರಬೇಕು ಎಂಬ ಲೆಕ್ಕ ಉಪಕರಣದೊಳಗೇ ನಡೆಯುತ್ತಿರುತ್ತದೆ. ಅಳತೆ ಆ ಲೆಕ್ಕಕ್ಕಿಂತ ಕೆಲವು ಸೆಂ.ಮೀ. ಹೆಚ್ಚು ಕಡಿಮೆಯಾದರೆ ಉಪಕರಣ ಎಚ್ಚರಗೊಳ್ಳುತ್ತದೆ. ಅಲ್ಲಿಂದ ಮುಂದೆ ನಿಮಿಷ ನಿಮಿಷದ ಅಳತೆಯನ್ನು ಕಳುಹಿಸತೊಡಗುತ್ತದೆ.

ಕಳುಹಿಸುವುದು ಹೇಗೆ? ನೀರಿನಲ್ಲಿ ರೇಡಿಯೊ ನಡೆಯುವುದಿಲ್ಲವಾದ್ದರಿಂದ ಶಬ್ದದ ಮೂಲಕ. ತಳದ ಮಾಪಕ ತನ್ನ ಅಂಕಿಗಳನ್ನು ಶಬ್ದದ ಸಂಕೇತಗಳಾಗಿ ಮೇಲಕ್ಕೆ ಕೂಗುತ್ತದೆ. ನಾಲ್ಕು ಸೆಕೆಂಡಿನಲ್ಲಿ 6 ಕಿ.ಮೀ. ದಾಟಿ ಅದು ಬೋಯ್‌ಗೆ ಕೇಳಿಸುತ್ತದೆ. ಬೋಯ್ ಅದನ್ನು ಉಪಗ್ರಹಕ್ಕೆ, ಉಪಗ್ರಹ ಎಚ್ಚರಿಕೆ ಕೇಂದ್ರಕ್ಕೆ ರವಾನಿಸುತ್ತದೆ. ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಎರಡು ಸೆಂಟಿಮೀಟರ್ ಉಳಿಸಿದ್ದೇನು?

2003ರ ನವೆಂಬರ್ 17ರಂದು ಅಲಾಸ್ಕಾದ ರ‍್ಯಾಟ್ ದ್ವೀಪಗಳ ಬಳಿ ದೊಡ್ಡ ಭೂಕಂಪವಾಯಿತು. ಸುನಾಮಿ ಎಚ್ಚರಿಕೆಯೂ ಹೊರಟಿತು. ಹಿಂದೆ 1986ರಲ್ಲಿ ಹೀಗೇ ಆದಾಗ ಹವಾಯಿಯ ತೀರಗಳನ್ನು ಖಾಲಿ ಮಾಡಿಸಿದ್ದರು. ಜನ ಗುಡ್ಡ ಹತ್ತಿದರು, ರಸ್ತೆಗಳು ಕಟ್ಟಿಹೋದವು, ಹೇಳಿಕೊಳ್ಳುವಂಥ ಅಲೆ ಬರಲಿಲ್ಲ. ಖರ್ಚು ಮತ್ತು ನಷ್ಟ ಕೋಟಿಗಟ್ಟಲೆ.

2003ರಲ್ಲಿ ಪರಿಸ್ಥಿತಿ ಬದಲಾಗಿತ್ತು. ಹವಾಯಿಗೆ ಹೋಗುವ ದಾರಿಯಲ್ಲಿ ಡಾರ್ಟ್ ಕೂತಿತ್ತು. ಅದು ಅಳೆದ ಅಲೆ ಸುಮಾರು 2 ಸೆಂ.ಮೀ. ಆ ಅಳತೆಯ ಆಧಾರದಲ್ಲಿ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಹವಾಯಿಯ ಜನ ಮನೆಯಲ್ಲೇ ಉಳಿದರು. ತೆರವು ತಪ್ಪಿದ್ದರಿಂದ ಸುಮಾರು 6.8 ಕೋಟಿ ಡಾಲರ್ ಉಳಿಯಿತು ಎಂದು ಅಂದಾಜಿಸಲಾಗಿದೆ.

ಈ ತಂತ್ರಜ್ಞಾನದ ದೊಡ್ಡ ಲಾಭಗಳಲ್ಲಿ ಇದೂ ಒಂದು. ಅದು “ಓಡಿ” ಎನ್ನುವುದರ ಜೊತೆಗೆ “ಓಡಬೇಡಿ” ಎಂದೂ ಆಧಾರಸಹಿತ ಹೇಳಬಲ್ಲದು. ಅದು ಹೇಳಿದಂತೆಯೇ ಆಗುತ್ತಾ ಬಂದರೆ, ಮುಂದೊಂದು ದಿನ “ಓಡಿ” ಎಂದಾಗ ಜನ ನಂಬಿ ಓಡುತ್ತಾರೆ.

ನಮ್ಮ ದೇಶದಲ್ಲಿ ಯಾರು ಈ ಕೆಲಸ ಮಾಡುತ್ತಾರೆ?

2004ರ ದುರಂತದ ನಂತರ, 2007ರ ಅಕ್ಟೋಬರ್‌ನಲ್ಲಿ ಭಾರತದ ಸುನಾಮಿ ಎಚ್ಚರಿಕೆ ಕೇಂದ್ರ ಕೆಲಸ ಶುರು ಮಾಡಿತು. ಅದು ಇರುವುದು ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿ, ಅಂದರೆ ಕೇಂದ್ರ ಭೂವಿಜ್ಞಾನ ಸಚಿವಾಲಯದ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ. ಬೋಯ್‌ಗಳನ್ನು ಸಮುದ್ರದಲ್ಲಿ ಇಳಿಸಿ ನೋಡಿಕೊಳ್ಳುವ ಕೆಲಸದಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಎಂಜಿನಿಯರುಗಳಿದ್ದಾರೆ. 2011ರಿಂದ ಆಸ್ಟ್ರೇಲಿಯಾ ಮತ್ತು ಇಂಡೊನೇಷ್ಯಾದ ಜೊತೆಗೆ ಭಾರತವೂ ಹಿಂದೂ ಮಹಾಸಾಗರದ ಇತರ ದೇಶಗಳಿಗೆ ಸುನಾಮಿ ಮಾಹಿತಿ ಕೊಡುತ್ತಿದೆ.

ಕೆಲಸ ನಡೆಯುವ ಕ್ರಮ ಹೀಗಿದೆ. ಭೂಕಂಪವಾದ ಸುಮಾರು ಹತ್ತು ನಿಮಿಷದೊಳಗೆ ಅದರ ಜಾಗ, ಆಳ, ತೀವ್ರತೆಯ ಅಂದಾಜು ಸಿಗುತ್ತದೆ. ಎಲ್ಲಿ ಎಷ್ಟು ದೊಡ್ಡ ಭೂಕಂಪವಾದರೆ ಯಾವ ತೀರಕ್ಕೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ಅಲೆ ಬರಬಹುದು ಎಂದು ಸಾವಿರಾರು ಲೆಕ್ಕಗಳನ್ನು ಮೊದಲೇ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಹೊಂದುವ ಲೆಕ್ಕವನ್ನು ತೆಗೆದು ಮೊದಲ ಪ್ರಕಟಣೆ ಹೊರಡಿಸುತ್ತಾರೆ. ನಂತರ ಕಡಲತಳದ ತಕ್ಕಡಿಗಳು ಮತ್ತು ಬಂದರುಗಳಲ್ಲಿರುವ ಉಬ್ಬರವಿಳಿತ ಮಾಪಕಗಳು ಅಳತೆ ಕಳುಹಿಸಿದಂತೆ ಆ ಪ್ರಕಟಣೆಯನ್ನು ಏರಿಸುತ್ತಾರೆ, ಇಳಿಸುತ್ತಾರೆ ಅಥವಾ ರದ್ದು ಮಾಡುತ್ತಾರೆ. 2012ರಲ್ಲಿ ಆದದ್ದೂ ಇದೇ. ಮೊದಲು ಎಚ್ಚರಿಕೆ ಕೊಟ್ಟರು. ನೀರು ಹೆಚ್ಚು ಎದ್ದಿಲ್ಲ ಎಂಬುದು ಅಳತೆಗಳಿಂದ ಖಚಿತವಾದ ಮೇಲೆ ಹಿಂತೆಗೆದುಕೊಂಡರು.

ಎಚ್ಚರಿಕೆಯಲ್ಲಿ ಮೂರು ಹಂತಗಳಿವೆ. ‘ವಾರ್ನಿಂಗ್’ ಎಂದರೆ ತೀರ ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕು. ‘ಅಲರ್ಟ್’ ಎಂದರೆ ಬೀಚಿಗೆ, ನೀರಿಗೆ ಇಳಿಯಬಾರದು. ‘ವಾಚ್’ ಎಂದರೆ ಸಿದ್ಧವಾಗಿದ್ದು ಮುಂದಿನ ಪ್ರಕಟಣೆಗೆ ಕಾಯಬೇಕು, ಆಗ ಮನೆ ಬಿಡುವ ಅಗತ್ಯವಿಲ್ಲ.

“ಸುನಾಮಿ ಎಂದರೆ ಪೂರ್ವ ಕರಾವಳಿಯ ಸಮಸ್ಯೆ, ನಮ್ಮ ಮಂಗಳೂರು, ಉಡುಪಿ, ಕಾರವಾರಕ್ಕೆ ಸಂಬಂಧವಿಲ್ಲ” ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. 2004ರ ಅಲೆಗಳು ಶ್ರೀಲಂಕಾವನ್ನು ಬಳಸಿಕೊಂಡು ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡಿನಲ್ಲೂ ಜೀವ ತೆಗೆದವು. 1945ರ ನವೆಂಬರ್ 28ರಂದು ಈಗಿನ ಪಾಕಿಸ್ತಾನದ ಮಕ್ರಾನ್ ತೀರದಲ್ಲಿ 8.1 ತೀವ್ರತೆಯ ಭೂಕಂಪವಾಗಿ ಎದ್ದ ಸುನಾಮಿ ಮುಂಬೈವರೆಗೂ ಬಂದು ಅಲ್ಲಿಯೂ ಜನರನ್ನು ಕೊಚ್ಚಿಕೊಂಡು ಹೋಗಿತ್ತು. ಅಪಾಯ ಪೂರ್ವ ತೀರಕ್ಕಿಂತ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದಕ್ಕೇ ಅರಬ್ಬಿ ಸಮುದ್ರದಲ್ಲೂ ಈ ತಕ್ಕಡಿಗಳನ್ನು ಇರಿಸಲಾಗಿದೆ.

ಈ ಉಪಕರಣಗಳಿಗೆ ಶತ್ರು ಯಾರು?

ಉಪ್ಪುನೀರು, ಬಿರುಗಾಳಿ, ಮೈಮೇಲೆ ಬೆಳೆಯುವ ಚಿಪ್ಪುಜೀವಿಗಳು. ಇವೆಲ್ಲವನ್ನೂ ಎಂಜಿನಿಯರುಗಳು ಲೆಕ್ಕಕ್ಕೆ ತೆಗೆದುಕೊಂಡೇ ಇರುತ್ತಾರೆ. ಲೆಕ್ಕಕ್ಕೆ ಸಿಗದ ಶತ್ರು ಮನುಷ್ಯ.

ಸಮುದ್ರದಲ್ಲಿ ತೇಲುವ ಯಾವ ವಸ್ತುವಿನ ಸುತ್ತಲೂ ಮೀನುಗಳು ಸೇರುತ್ತವೆ. ಇದು ಮೀನುಗಾರರಿಗೆ ಚೆನ್ನಾಗಿ ಗೊತ್ತು. ಬೋಯ್ ಕಂಡರೆ ದೋಣಿಗಳು ಅತ್ತ ತಿರುಗುತ್ತವೆ. ಕೆಲವರು ಅದಕ್ಕೇ ದೋಣಿ ಕಟ್ಟುತ್ತಾರೆ. ಬಲೆ ಸಿಕ್ಕಿಕೊಂಡು ಕೇಬಲ್ ತುಂಡಾಗುತ್ತದೆ. ಇನ್ನು ಕೆಲವರು ಸೋಲಾರ್ ಪ್ಯಾನೆಲ್, ಬ್ಯಾಟರಿ, ಆಂಟೆನಾ ಬಿಚ್ಚಿಕೊಂಡು ಹೋಗುತ್ತಾರೆ. ಇದು ನಮ್ಮಲ್ಲಿ ಮಾತ್ರ ನಡೆಯುವ ಕೆಲಸವಲ್ಲ, ಜಗತ್ತಿನ ಎಲ್ಲ ಸಮುದ್ರಗಳಲ್ಲೂ ಇದೆ. ಮೇಲಿನ ಬೋಯ್ ಸತ್ತರೆ ತಳದ ತಕ್ಕಡಿ ಬದುಕಿದ್ದರೂ ಪ್ರಯೋಜನವಿಲ್ಲ. ಅದು ಕೂಗುತ್ತಿರುತ್ತದೆ, ಕೇಳುವವರಿರುವುದಿಲ್ಲ. ಅದನ್ನು ಸರಿಪಡಿಸಲು ಸಂಶೋಧನಾ ಹಡಗೊಂದು ನೂರಾರು ಕಿ.ಮೀ. ಹೋಗಬೇಕು.

2018ರ ಸೆಪ್ಟೆಂಬರ್ 28ರಂದು ಇಂಡೊನೇಷ್ಯಾದ ಸುಲವೇಸಿ ದ್ವೀಪದ ಪಾಲು ನಗರದಲ್ಲಿ ಭೂಕಂಪ ಮತ್ತು ಸುನಾಮಿಯಿಂದ 4,000ಕ್ಕೂ ಹೆಚ್ಚು ಜನ ಸತ್ತರು. ದೇಶದ 22 ಸುನಾಮಿ ಬೋಯ್‌ಗಳಲ್ಲಿ ಒಂದೂ 2012ರಿಂದ ಕೆಲಸ ಮಾಡುತ್ತಿಲ್ಲ ಎಂದು ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆಯ ವಕ್ತಾರರೇ ಆಗ ಹೇಳಿದರು. ಕೆಲವನ್ನು ಜನ ಕೆಡಿಸಿದ್ದರು, ದುರಸ್ತಿಗೆ ಹಣವೂ ಇರಲಿಲ್ಲ. ಪಾಲುವಿನಲ್ಲಿ ಅಲೆ ಕೆಲವೇ ನಿಮಿಷಗಳಲ್ಲಿ ಬಂದಿದ್ದರಿಂದ ಬೋಯ್ ಇದ್ದಿದ್ದರೂ ಆ ಊರಿಗೆ ಹೆಚ್ಚು ಸಹಾಯ ಆಗುತ್ತಿರಲಿಲ್ಲ, ನಿಜ. ಆದರೆ ಆರು ವರ್ಷ ಆ ದೇಶದ ಸಮುದ್ರದಲ್ಲಿ ಈ ಕಾವಲು ಇರಲೇ ಇಲ್ಲ.

ಜಪಾನ್ ಬೇರೆ ದಾರಿ ಹಿಡಿದಿದೆ. 2011ರ ಸುನಾಮಿಯ ನಂತರ ಈಶಾನ್ಯ ತೀರದಾಚೆ 150 ಮಾಪಕಗಳನ್ನು ಕಡಲತಳದ ಕೇಬಲ್ಲಿಗೇ ಪೋಣಿಸಿ ನೇರವಾಗಿ ದಡಕ್ಕೆ ಜೋಡಿಸಿದೆ. ಕದಿಯಲು ಮೇಲೆ ಬೋಯ್ ಇಲ್ಲ, ಮಾಹಿತಿಯೂ ಬೇಗ ಬರುತ್ತದೆ. ಆದರೆ ಖರ್ಚು ಬಹಳ.

ಕೆಲವೊಮ್ಮೆ ಇಂಥ ಉಪಕರಣಗಳು ಕಿತ್ತುಕೊಂಡು ದಡಕ್ಕೆ ತೇಲಿಬರುತ್ತವೆ. “ಬಾಂಬ್ ಪತ್ತೆ”, “ಶತ್ರು ದೇಶದ ಗೂಢಚಾರಿ ಯಂತ್ರ” ಎಂದು ಫೋಟೊ ಹಂಚುವ ಮೊದಲು ಒಂದು ವಿಷಯ ಗೊತ್ತಿರಲಿ. ‘ಆರ್ಗೊ’ ಎಂಬ ಜಾಗತಿಕ ಯೋಜನೆಯಲ್ಲಿ ಸುಮಾರು 4,000 ತೇಲುಯಂತ್ರಗಳು ಸಾಗರಗಳಲ್ಲಿ ಅಲೆಯುತ್ತಿವೆ. ಭಾರತವೂ ಇದರಲ್ಲಿ ಭಾಗಿ. ತಲೆಯ ಮೇಲೆ ಆಂಟೆನಾ ಇರುವ ಉದ್ದನೆಯ ಕೊಳವೆ ಇದು. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತುಂಬಿದರೆ ಉಬ್ಬಿ ಹಗುರಾಗಿ ಮೇಲೇರುತ್ತದೆ, ಹಿಂದಕ್ಕೆ ಎಳೆದುಕೊಂಡರೆ ಮುಳುಗುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕೆ ಇಳಿದು, ಏರುತ್ತಾ ನೀರಿನ ಬಿಸಿ ಮತ್ತು ಉಪ್ಪನ್ನು ಅಳೆದು ಉಪಗ್ರಹಕ್ಕೆ ಹೇಳುತ್ತದೆ. ಮುಂಗಾರು ಮತ್ತು ಚಂಡಮಾರುತದ ಮುನ್ಸೂಚನೆಗೆ ಈ ಅಳತೆಗಳು ಬೇಕು. ಅದನ್ನು ಬಿಚ್ಚಬೇಡಿ. ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಅದು ಏನೆಂದು ಅವರು ಪರಿಶೀಲಿಸಲಿ.

ಮೆಸೇಜು ಬಂದಾಗ ಏನು ನೋಡಬೇಕು?

1. ಮುಂದಿನ ದಿನಾಂಕ ಇದೆಯೇ? “ನಾಳೆ”, “ಈ ವಾರ”, “ಹುಣ್ಣಿಮೆಗೆ” ಎಂದು ಭೂಕಂಪವಾಗುವ ಮೊದಲೇ ಹೇಳಿದ್ದರೆ ಅಲ್ಲಿಗೇ ನಿಲ್ಲಿಸಿ.

2. ಭೂಕಂಪದ ವಿವರ ಇದೆಯೇ? ನಿಜವಾದ ಪ್ರಕಟಣೆಯಲ್ಲಿ ಭೂಕಂಪ ಆದ ಸಮಯ, ಜಾಗ, ಆಳ, ತೀವ್ರತೆ ಇರುತ್ತವೆ.

3. ಯಾವ ತೀರಕ್ಕೆ ಎಂದು ಹೇಳಿದೆಯೇ? ಅಪಾಯ ಇದ್ದರೆ ನಿಜವಾದ ಪ್ರಕಟಣೆ ತೀರಗಳ ಹೆಸರು ಮತ್ತು ಅಲೆ ತಲುಪುವ ಅಂದಾಜು ಸಮಯವನ್ನು ಹೇಳುತ್ತದೆ. “ಇಡೀ ದಕ್ಷಿಣ ಭಾರತ ಮುಳುಗುತ್ತದೆ” ಎನ್ನುವುದಿಲ್ಲ.

4. ಯಾರು ಹೇಳಿದ್ದು? ನಾಸಾ ಸುನಾಮಿ ಎಚ್ಚರಿಕೆ ಕೊಡುವ ಸಂಸ್ಥೆಯೇ ಅಲ್ಲ. ಅಮೆರಿಕದಲ್ಲೂ ಅದು ನೋವಾದ ಕೆಲಸ. ಭಾರತಕ್ಕೆ ಇನ್‌ಕಾಯ್ಸ್. ಅದರ ವೆಬ್‌ಸೈಟನ್ನು ಫೋನಿನಲ್ಲೇ ತೆರೆದು ನೋಡಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಕೂಡ ಇದೆ.

5. ಇದು ಸುನಾಮಿಯೋ, ಎತ್ತರದ ಅಲೆಯೋ? ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಇನ್‌ಕಾಯ್ಸ್‌ನಿಂದ ಎತ್ತರದ ಅಲೆಗಳ ಎಚ್ಚರಿಕೆ ಬರುತ್ತಲೇ ಇರುತ್ತದೆ. ಅದು ಗಾಳಿಯಿಂದ ಏಳುವ ಅಲೆ. ಕಡಲ್ಕೊರೆತ ಆಗಬಹುದು, ದೋಣಿ ಇಳಿಸಬಾರದು, ಆ ಎಚ್ಚರಿಕೆಯನ್ನೂ ಪಾಲಿಸಬೇಕು. ಆದರೆ ಅದಕ್ಕೆ ಸುನಾಮಿ ಎಂದು ತಲೆಬರಹ ಕೊಟ್ಟು, 2011ರ ಜಪಾನಿನ ಹಳೆಯ ವಿಡಿಯೊ ಅಂಟಿಸಿ ಕಳುಹಿಸಬೇಡಿ.

ಫೋನಿಗೆ ಕಾಯಬಾರದ ಸಂದರ್ಭ

ಒಂದು ಸಂದರ್ಭದಲ್ಲಿ ಮಾತ್ರ ಇವಾವುದನ್ನೂ ಪರಿಶೀಲಿಸುತ್ತಾ ನಿಲ್ಲಬಾರದು. ನೀವು ಸಮುದ್ರತೀರದಲ್ಲಿದ್ದೀರಿ. ನಿಲ್ಲಲಾಗದಷ್ಟು ಜೋರಾಗಿ ಅಥವಾ ಬಹಳ ಹೊತ್ತು ನೆಲ ನಡುಗಿತು. ಇಲ್ಲವೇ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳದ ಮರಳು, ಬಂಡೆ ಕಾಣಿಸಿತು. ಇಲ್ಲವೇ ಕಡಲಿನ ಕಡೆಯಿಂದ ರೈಲು ಬಂದಂಥ ಮೊರೆತ ಕೇಳಿಸಿತು. ಇವುಗಳಲ್ಲಿ ಒಂದೇ ಒಂದು ಕಂಡರೂ ಎತ್ತರದ ಜಾಗಕ್ಕೆ ಓಡಿ. ವಿಡಿಯೊ ತೆಗೆಯಲು ನಿಲ್ಲಬೇಡಿ. ಹತ್ತಿರದ ಸುನಾಮಿ ಯಾವ ತಕ್ಕಡಿಗಿಂತಲೂ ಮೊದಲೇ ದಡ ತಲುಪಬಹುದು.

ಸುಮಾತ್ರಾದ ಪಕ್ಕದಲ್ಲೇ ಸಿಮಲೂ ಎಂಬ ದ್ವೀಪವಿದೆ. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. “ಭೂಮಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ” ಎಂಬ ಪಾಠವನ್ನು ಅಲ್ಲಿನ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದರು. 2004ರಲ್ಲಿ ಅಲೆ ಆ ದ್ವೀಪಕ್ಕೆ ಹತ್ತು ನಿಮಿಷದ ಒಳಗೇ ಬಂತು. ಯಾವ ಬೋಯ್, ಯಾವ ಫೋನೂ ಇಲ್ಲದೆ ಜನ ಗುಡ್ಡ ಹತ್ತಿದ್ದರು. ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಸುನಾಮಿ ಬಗ್ಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಈ ಪಾಠವನ್ನು ಮಾಡಿ. ಇದಕ್ಕೆ ದಿನಾಂಕ ಬೇಕಿಲ್ಲ, ಎಂದಿಗೂ ಹಳೆಯದಾಗುವುದಿಲ್ಲ.

ಕೊನೆಗೆ ಇನ್ನೆರಡು ಮಾತು. ಸುನಾಮಿಯಲ್ಲಿ ಒಂದೇ ಅಲೆ ಇರುವುದಿಲ್ಲ. ಎರಡನೆಯದೋ ಮೂರನೆಯದೋ ಮೊದಲನೆಯದಕ್ಕಿಂತ ದೊಡ್ಡದಿರಬಹುದು, ಗಂಟೆಗಟ್ಟಲೆ ಬರುತ್ತಿರಬಹುದು. ಅಪಾಯ ಮುಗಿಯಿತು ಎಂದು ಅಧಿಕೃತವಾಗಿ ಹೇಳುವವರೆಗೆ ಕೆಳಗೆ ಇಳಿಯಬೇಡಿ. ಹಾಗೆಯೇ, ಎಚ್ಚರಿಕೆಯನ್ನು ಹಂಚಿದ ಗ್ರೂಪಿಗೆ ಅದು ರದ್ದಾದ ಸುದ್ದಿಯನ್ನೂ ತಪ್ಪದೆ ಹಂಚಿ. ಮೊದಲಿನ ಮೆಸೇಜು ಎಷ್ಟು ದೂರ ಹೋಯಿತೋ ಎರಡನೆಯದೂ ಅಷ್ಟೇ ದೂರ ಹೋಗಬೇಕು.